ಲೆಕ್ಕದ ಗಾಳಿ, ಬೆಟ್ಟದ ಗಾಳಿ

ಮಡಿಕೇರಿಯಷ್ಟು ಎತ್ತರದ ಗುಡ್ಡದ ಮೇಲೆ ಗಾಳಿಯಂತ್ರವೊಂದಿದೆ ಎಂದುಕೊಳ್ಳಿ. ಸಿಮ್ಯುಲೇಶನ್ ತಂತ್ರಾಂಶ ಲೆಕ್ಕಹಾಕಿದ ವಿದ್ಯುತ್ತೂ ಮೀಟರ್ ತೋರಿಸಿದ ವಿದ್ಯುತ್ತೂ ತಾಳೆಯಾಗಿವೆ. ಹಾಗಿದ್ದರೆ ತಂತ್ರಾಂಶ ಸರಿಯಿದೆಯೇ? ಇಷ್ಟರಿಂದಲೇ ಹೇಳಲಾಗದು.

ತಂತ್ರಾಂಶದಲ್ಲಿ ಗಾಳಿಯ ಸಾಂದ್ರತೆ ಸಾಮಾನ್ಯವಾಗಿ ಘನಮೀಟರಿಗೆ 1.225 ಕಿಲೋಗ್ರಾಂ ಎಂದೇ ಕೂತಿರುತ್ತದೆ. ಅದು ಸಮುದ್ರಮಟ್ಟದ, 15 ಡಿಗ್ರಿಯ ಲೆಕ್ಕ. 1,150 ಮೀಟರ್ ಎತ್ತರದಲ್ಲಿ, 20 ಡಿಗ್ರಿಯಲ್ಲಿ ಸಾಂದ್ರತೆ ಸುಮಾರು 1.05. ಇದನ್ನು ತಿದ್ದದೆ ಬಿಟ್ಟರೆ ಲೆಕ್ಕದ ವಿದ್ಯುತ್ತು ಶೇ. 17ರಷ್ಟು ಉಬ್ಬುತ್ತದೆ. ಅದೇ ಹೊತ್ತಿಗೆ ಗಾಳಿಮಾಪಕ ವೇಗವನ್ನು ಶೇ. 5 ಕಡಿಮೆ ತೋರಿಸುತ್ತಿದ್ದರೆ, ವಿದ್ಯುತ್ತು ವೇಗದ ಘನಕ್ಕೆ ಅನುಗುಣವಾದ್ದರಿಂದ, ಲೆಕ್ಕ ಶೇ. 14 ಇಳಿಯುತ್ತದೆ. 1.167ನ್ನು 0.857ರಿಂದ ಗುಣಿಸಿ ನೋಡಿ, ಬರುವುದು ಒಂದು. ಒಂದು ತಪ್ಪನ್ನು ಇನ್ನೊಂದು ಮುಚ್ಚಿಬಿಟ್ಟಿದೆ! ಅಲಗಿನ ಬುಡದ ಬೆಂಡಿಂಗ್ ಮೊಮೆಂಟ್, ಅಂದರೆ ಅಲಗನ್ನು ಬಾಗಿಸುವ ಬಲದ ಪರಿಣಾಮ, ಅಳೆದರೆ ಗುಟ್ಟು ಹೊರಬೀಳುತ್ತದೆ: ಅದು ವೇಗದ ಘನಕ್ಕಲ್ಲ, ವರ್ಗಕ್ಕೆ ಅನುಗುಣವಾದ್ದರಿಂದ ಅಲ್ಲಿ ಲೆಕ್ಕ ಸುಮಾರು ಶೇ. 5 ಹೆಚ್ಚು ಬಂದಿರುತ್ತದೆ.

ಅಳೆಯುವುದು ಅಲಗಿಗೆ ಅಂಟಿಸಿದ, ಅದರ ಸಣ್ಣ ಹಿಗ್ಗು-ಕುಗ್ಗನ್ನು ಹಿಡಿಯುವ ಸ್ಟ್ರೇನ್ ಗೇಜ್‌ನಿಂದ. ಮೊದಲು ಈ ಗೇಜನ್ನು ಹದಕ್ಕೆ ತರಬೇಕು. ಗಾಳಿ ತೀರಾ ಕಡಿಮೆಯಿದ್ದಾಗ ರೋಟರನ್ನು, ಅಂದರೆ ಅಲಗುಗಳ ಚಕ್ರವನ್ನು, ಮೆಲ್ಲಗೆ ತಿರುಗಿಸುತ್ತಾರೆ. ಅಲಗಿನ ತೂಕ, ಗುರುತ್ವಕೇಂದ್ರ ಗೊತ್ತಿರುವುದರಿಂದ ಅದು ಅಡ್ಡ ನಿಂತಾಗ ಎಷ್ಟು ಮೊಮೆಂಟ್ ಬರಬೇಕೆಂಬುದೂ ಗೊತ್ತು. ಅಲಗನ್ನು ಅದರ ಉದ್ದದ ಅಕ್ಷದ ಸುತ್ತ 90 ಡಿಗ್ರಿ ಹೊರಳಿಸಿ (ಪಿಚ್ ಮಾಡಿ) ಮತ್ತೊಮ್ಮೆ ತಿರುಗಿಸಿದರೆ ಇನ್ನೊಂದು ದಿಕ್ಕಿನ ಗೇಜ್ ಕೂಡ ಹದಕ್ಕೆ ಬರುತ್ತದೆ.

ಆದರೂ ಹೆಚ್ಚು ಕಾಡುವುದು ಗಾಳಿಯೇ. ಅಂತಾರಾಷ್ಟ್ರೀಯ ಮಾನಕ ಐಇಸಿ 61400-12-1ರ ಪ್ರಕಾರ ಗಾಳಿ ಅಳೆಯುವ ಮಾಪನ ಕಂಬ ಯಂತ್ರದಿಂದ ರೋಟರ್ ವ್ಯಾಸದ 2ರಿಂದ 4 ಪಟ್ಟು ದೂರದಲ್ಲಿರಬೇಕು, 2.5 ಪಟ್ಟು ಉತ್ತಮ. ಬಯಲುಸೀಮೆಯಲ್ಲಿ ಇಷ್ಟು ಸಾಕು. ಕೊಡಗಿನಂಥ ಏರುತಗ್ಗಿನಲ್ಲಿ ಅಷ್ಟು ದೂರದಲ್ಲೇ ಗಾಳಿ ಬೇರೆಯಾಗಿರುತ್ತದೆ. ಅದಕ್ಕೇ ಯಂತ್ರ ನಿಲ್ಲಿಸುವ ಮೊದಲು ಆ ಜಾಗದಲ್ಲೂ ಒಂದು ಕಂಬ ನೆಟ್ಟು, 10 ಡಿಗ್ರಿಯ ಒಂದೊಂದು ದಿಕ್ಕಿಗೂ ಎರಡು ಕಂಬಗಳ ವೇಗದ ಅನುಪಾತ ಹಿಡಿಯಬೇಕು. ಇಲ್ಲಿ ತೋಟದವರನ್ನು ಕೇಳದೆ ಮುಂದುವರಿಯಬಾರದು. ಮಳೆಗಾಲಕ್ಕೆ ಮುಂಚೆ ಮರಗಸಿ ನಡೆದರೆ ನೆರಳಿನ ಮರಗಳ ಕೊಂಬೆ ಹೋಗಿ ನೆಲದ ಒರಟುತನವೇ ಬದಲಾಗುತ್ತದೆ, ತುಂಬು ನೆರಳಿನಲ್ಲಿ ಹಿಡಿದ ಅನುಪಾತ ಆಮೇಲೆ ಒಪ್ಪುವುದಿಲ್ಲ. ಕಂಬದ ಬದಲು ಲೇಸರ್ ಬೆಳಕಿನಿಂದ ಗಾಳಿ ಅಳೆಯುವ ಲಿಡಾರ್ ಇಟ್ಟರೆ ದಟ್ಟ ಮಂಜಿನಲ್ಲಿ ಅದರ ದೃಷ್ಟಿ ಮೇಲಕ್ಕೆ ಹೋಗದು. ಬೆಟ್ಟದ ಬಾಗಿದ ಗಾಳಿಯನ್ನು ಅದು ಸಮವೆಂದೇ ಎಣಿಸುತ್ತದೆ.

ಗಡಿಯಾರವನ್ನೂ ನೋಡಿ. ಕಂಬದ ಅಳತೆ ದಾಖಲಿಸುವ ಲಾಗರ್ ಯುಟಿಸಿಯಲ್ಲೂ (ವಿಶ್ವ ಕಾಲಮಾನ) ಯಂತ್ರ ಭಾರತೀಯ ಕಾಲಮಾನದಲ್ಲೂ ಇದ್ದರೆ ಐದೂವರೆ ಗಂಟೆ ಆಚೀಚೆ.

ಕೊನೆಗೆ, ಅಳತೆ ಕಾಣುವ ಮೊದಲೇ ಲೆಕ್ಕ ಮುಗಿಸಿ ಬೀಗ ಹಾಕಿಡಬೇಕು. 2000ದಲ್ಲಿ ಅಮೆರಿಕದ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ಎನ್‌ಆರ್‌ಇಎಲ್, ನಾಸಾದ ಏಮ್ಸ್ ಸಂಶೋಧನಾ ಕೇಂದ್ರದ ಗಾಳಿಸುರಂಗದಲ್ಲಿ 10 ಮೀಟರ್ ವ್ಯಾಸದ ಯಂತ್ರವನ್ನು ಪರೀಕ್ಷಿಸಿ, ಫಲಿತಾಂಶ ಮುಚ್ಚಿಟ್ಟು ತಜ್ಞರಿಂದ ಲೆಕ್ಕ ತರಿಸಿಕೊಂಡಿತು. ನೇರ, ಸ್ಥಿರ ಗಾಳಿಯಲ್ಲೇ ಅವರು ಹೇಳಿದ ವಿದ್ಯುತ್ತು ಅಳತೆಯ ಶೇ. 25ರಿಂದ ಶೇ. 175ರವರೆಗೆ ಹರಡಿತ್ತು.