ಚೀಟಿಯಲ್ಲಿ ಹಿಡಿಯದ ಕತೆ

ಕಾಸರಗೋಡಿನ ಕಡೆ ಜನ ಕಾಯಿಲೆಯ ಹೆಸರು ಹೇಳುವುದು ಕಡಿಮೆ. 'ಸೌಖ್ಯ ಇಲ್ಲ ಡಾಕ್ಟ್ರೇ' ಅನ್ನುತ್ತಾರೆ. ಆಮೇಲೆ ಶುರು. ಅಡಿಕೆ ಕೊಯ್ಲು, ಮಗಳ ಬಾಣಂತನ, ತೋಡು ಬತ್ತಿದ್ದು, ಕೊನೆಗೆಲ್ಲೋ ಒಂದು ಎದೆನೋವು. ಅರ್ಧ ಕನ್ನಡ, ಅರ್ಧ ತುಳು, ನಡುವೆ ಮಲಯಾಳ. ಹೊರಗೆ ಮೂವತ್ತು ಜನ ಕಾಯುತ್ತಿರುವಾಗ ಇಷ್ಟನ್ನೆಲ್ಲ ಕೇಳುತ್ತ ಕೂರುವುದು ಯಾರಿಂದಾದೀತು?

ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಒಬ್ಬ ಡಾಕ್ಟರು ಕೇಳಿದರು. ವಾಣೀನಗರದಲ್ಲಿ ಕ್ಲಿನಿಕ್ ಇಟ್ಟಿದ್ದ ಡಾ. ವೈ.ಎಸ್. ಮೋಹನ್ ಕುಮಾರ್. ಅದೇ ಸುತ್ತಿನ ಮನೆಗಳಿಂದ ಬುದ್ಧಿ ಬೆಳೆಯದ ಮಕ್ಕಳು, ಅಪಸ್ಮಾರ, ಕ್ಯಾನ್ಸರ್. ಬಿಡಿಯಾಗಿ ನೋಡಿದರೆ ಒಬ್ಬೊಬ್ಬರಿಗೆ ಒಂದೊಂದು ಚೀಟಿ, ಅಷ್ಟೆ. ಮನೆ ಮನೆಯ ವಿಷಯವನ್ನು ಒಟ್ಟಿಗೆ ಇಟ್ಟಾಗ ಬೇರೇನೋ ಕಂಡಿತು. 1990ರ ದಶಕದಲ್ಲಿ ಅವರು ಇದನ್ನು ಬರೆದು ಹೊರಗಿನವರ ಗಮನಕ್ಕೆ ತಂದರು. ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆಯವರೂ ಬರೆದರು. ಗುಡ್ಡದ ಗೇರು ತೋಟಗಳಿಗೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಯಾವ ಕಾಯಿಲೆಯಲ್ಲಿ ಆ ವಿಷದ ಪಾಲೆಷ್ಟು ಎಂಬ ವಾದ ಬೇರೆ, ಅದು ಇನ್ನೂ ಮುಗಿದಿಲ್ಲ. ಆದರೆ ಲ್ಯಾಬ್ ರಿಪೋರ್ಟುಗಳು ಬಂದದ್ದು ಆಮೇಲೆ. ಮೊದಲು ಬಂದದ್ದು ಊರಿನವರ ಮಾತು.

ಹಿಂದೆ ಡಾಕ್ಟರರಿಗೆ ರೋಗಿಯ ಮಾತೇ ದೊಡ್ಡ ಆಧಾರವಾಗಿತ್ತು. 1816ರಲ್ಲಿ ಫ್ರಾನ್ಸಿನ ಡಾಕ್ಟರು ಲೇನೆಕ್ ಕಾಗದ ಸುತ್ತಿ ಒಬ್ಬ ಹೆಣ್ಣುಮಗಳ ಎದೆಗೆ ಇಟ್ಟು ಕೇಳಿದರು. ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ. 1895ರಲ್ಲಿ ಎಕ್ಸ್‌ರೇ, ಮುಂದೆ ಸ್ಕ್ಯಾನಿಂಗು. ದೇಹವೇ ಉತ್ತರ ಕೊಡತೊಡಗಿದ ಮೇಲೆ ಬಾಯಿಮಾತಿಗೆ ಬೆಲೆ ಇಳಿಯಿತು.

ಇಳಿಯಬೇಕಿರಲಿಲ್ಲ. 1975ರಲ್ಲಿ ಬ್ರಿಟನ್ನಿನ ಡಾಕ್ಟರರು 80 ಹೊಸ ರೋಗಿಗಳನ್ನು ಗಮನಿಸಿದರು. ಅವರಲ್ಲಿ 66 ಮಂದಿಯ ವಿಷಯದಲ್ಲಿ, ಕಳಿಸಿದ ಡಾಕ್ಟರ ಪತ್ರ ಓದಿ ರೋಗಿಯ ಮಾತು ಕೇಳಿದಾಗ ಅಂದುಕೊಂಡ ಕಾಯಿಲೆಯೇ ಕೊನೆಗೂ ನಿಜವಾಯಿತು. 1984ರಲ್ಲಿ ಅಮೆರಿಕದವರು ಇನ್ನೊಂದು ಲೆಕ್ಕ ಹಾಕಿದರು. ರೋಗಿ ಬಾಯಿ ತೆರೆದು ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಿದ್ದರು. ನಮ್ಮಲ್ಲಿ ಅಷ್ಟಾದರೂ ಸಿಗುತ್ತದಾ ಅನ್ನುವುದು ನನ್ನ ಅನುಮಾನ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಡಾ. ರೀಟಾ ಶರೋನ್ ಇದಕ್ಕೆ ಮದ್ದು ಹುಡುಕಿದ್ದು ಬರವಣಿಗೆಯಲ್ಲಿ. ಆಸ್ಪತ್ರೆಯ ಫೈಲಿನಲ್ಲಿ ಬರೆಯಲಾಗದ್ದನ್ನು ಬೇರೆ ಕಡೆ, ಮಾಮೂಲಿ ಭಾಷೆಯಲ್ಲಿ ಬರೆಯಿರಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ರೋಗಿಯ ಕತೆ ಕೇಳಿ ಬರೆಯುವ ಈ ಪದ್ಧತಿಗೆ 'ನರೇಟಿವ್ ಮೆಡಿಸಿನ್' ಎಂಬ ಹೆಸರು ನಿಂತದ್ದು 2000ದ ಆಸುಪಾಸಿನಲ್ಲಿ. ಹೆಸರು ಹೊಸದು, ಕೆಲಸ ಹಳೆಯದು. ಕೊರವಂಜಿ ಹಾಸ್ಯ ಪತ್ರಿಕೆ ನಡೆಸಿದ ರಾಶಿ (ಎಂ. ಶಿವರಾಂ), ಕಾದಂಬರಿ ಬರೆದ ಅನುಪಮಾ ನಿರಂಜನ, ಇಬ್ಬರೂ ಡಾಕ್ಟರರೇ ಅಲ್ವಾ?

ಬರೆದರೆ ಆಗುವುದೇನು? ಫೈಲಿನಲ್ಲಿ 'ಹೊಟ್ಟೆನೋವು, ಮೂರು ತಿಂಗಳು' ಎಂದರೆ ಮುಗಿಯಿತು. ಕತೆಯಾಗಿ ಬರೆಯಲು ಕೂತರೆ ಯಾರು ಎಲ್ಲಿ ಕೂತಿದ್ದರು, ಯಾರು ಏನಂದರು ಎಂದು ನೆನಪಿಸಿಕೊಳ್ಳಬೇಕು. ಆಗ ಹೊಳೆಯುತ್ತದೆ: ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟದ್ದು ಅತ್ತೆ. ನೋವಿದ್ದ ಸೊಸೆ ಒಂದು ಮಾತೂ ಆಡಿರಲಿಲ್ಲ. ಮುಂದಿನ ಸಲ ಅತ್ತೆಯನ್ನು ಹೊರಗೆ ಕೂರಿಸಿ ಕೇಳಬೇಕು ಅನ್ನುವುದು ಯಾವ ಸ್ಕ್ಯಾನಿಂಗಿನಲ್ಲೂ ಬರುವುದಿಲ್ಲ.

ಮಂಜೇಶ್ವರದ ಡಾ. ರಮಾನಂದ ಬನಾರಿ ವೈದ್ಯರು, ಕವಿ, ಜೊತೆಗೆ ವೇಷ-ಕುಣಿತವಿಲ್ಲದ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ. ಈ ಮೂರೂ ಒಬ್ಬರಲ್ಲೇ ಇರುವುದು ನಮ್ಮ ಕಡೆ ಯಾರಿಗೂ ವಿಚಿತ್ರ ಅನ್ನಿಸಿಲ್ಲ. ತಾಳಮದ್ದಳೆಯಲ್ಲಿ ಮಾತು ಬಾಯಿಪಾಠ ಅಲ್ಲ. ಎದುರಿನವರು ಎಲ್ಲಿ ನಿಲ್ಲಿಸಿದರೋ ಅಲ್ಲಿಂದ ಹಿಡಿಯಬೇಕು. ಅವರ ಮಾತು ಪೂರ್ತಿ ಕೇಳದೆ ಬಾಯಿ ಹಾಕಿದರೆ ಸಭೆಯಲ್ಲಿ ಕೂತವರಿಗೆ ತಕ್ಷಣ ಗೊತ್ತಾಗುತ್ತದೆ. ಕ್ಲಿನಿಕ್ಕಿನಲ್ಲಿ ಸಭೆ ಇಲ್ಲ, ಅಷ್ಟೆ.