ಹದಿಮೂರು ಅಂಕ, ಹತ್ತು ಗೋಲು

2025ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಎರಡು ಫುಟ್‌ಬಾಲ್ ಕ್ಲಬ್‌ಗಳು ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಮುಖಾಮುಖಿಯಾದವು. ಅಂಕಪಟ್ಟಿ ಇಬ್ಬರನ್ನೂ ಸರಿಸಮಾನರೆಂದು ಹೇಳುತ್ತಿತ್ತು. ಪ್ಯಾರಿಸ್ ಸೇಂಟ್ ಜರ್ಮೈನ್ 8 ಪಂದ್ಯಗಳಿಂದ 13 ಅಂಕ ಗಳಿಸಿತ್ತು, ಬ್ರೆಸ್ಟ್ ಗಳಿಸಿದ್ದೂ ಅಷ್ಟೇ. ನಾಲ್ಕು ಗೆಲುವು, ಒಂದು ಡ್ರಾ, ಮೂರು ಸೋಲು ಎಂಬ ಒಳವಿವರ ಕೂಡ ತದ್ರೂಪ. ಎರಡು ಪಂದ್ಯಗಳು ಮುಗಿಯುವ ಹೊತ್ತಿಗೆ ಒಟ್ಟು ಲೆಕ್ಕ ಪ್ಯಾರಿಸ್ 10, ಬ್ರೆಸ್ಟ್ 0. ಲೀಗ್ ಹಂತದಲ್ಲಿ 15ನೇ ಸ್ಥಾನದಲ್ಲಿದ್ದ ಇದೇ ಪ್ಯಾರಿಸ್, ಮೇ 31ರಂದು ಮ್ಯೂನಿಕ್‌ನಲ್ಲಿ ನಡೆದ ಫೈನಲ್‌ನಲ್ಲಿ ಇಂಟರ್ ಮಿಲಾನ್ ತಂಡವನ್ನು 5-0 ಗೋಲುಗಳಿಂದ ಮಣಿಸಿ ಕಪ್ ಎತ್ತಿತು. ಲೀಗ್ ಹಂತದ ಎಂಟೂ ಪಂದ್ಯಗಳಲ್ಲಿ ಇಂಟರ್ ಬಿಟ್ಟುಕೊಟ್ಟಿದ್ದು ಒಂದೇ ಒಂದು ಗೋಲು.

ಇದನ್ನು ಆಟದ ಬೆರಗು ಎಂದು ಬದಿಗಿಡಬಹುದು. ಆದರೆ ಅಂಕಪಟ್ಟಿಯೂ ಒಂದು ಅಳತೆಯ ಸಾಧನ. ಥರ್ಮಾಮೀಟರಿಗೆ ಕೇಳುವ ಪ್ರಶ್ನೆಗಳನ್ನೇ ಅದಕ್ಕೂ ಕೇಳಬೇಕು: ಅದು ಅಳೆಯುವುದು ಏನನ್ನು, ಎಷ್ಟು ನಿಖರವಾಗಿ? 2024-25ರ ಋತುವಿನಲ್ಲಿ ಚಾಂಪಿಯನ್ಸ್ ಲೀಗ್ ತನ್ನ ಈ ಸಾಧನವನ್ನೇ ಬದಲಿಸಿತು. ಹಾಗಾಗಿ ಆ ಋತು ಗಣಿತದ ಕಣ್ಣಿನಿಂದ ನೋಡುವವರಿಗೆ ಒಂದು ಪ್ರಯೋಗಶಾಲೆಯಾಗಿ ಒದಗಿತು.

ಹಿಂದೆ 32 ತಂಡಗಳು ನಾಲ್ಕು ನಾಲ್ಕರಂತೆ 8 ಗುಂಪುಗಳಲ್ಲಿ ಆಡುತ್ತಿದ್ದವು. ಗುಂಪಿನೊಳಗೆ ಪ್ರತಿ ತಂಡವೂ ಉಳಿದ ಮೂರು ತಂಡಗಳನ್ನು ಎರಡೆರಡು ಬಾರಿ ಎದುರಿಸುತ್ತಿತ್ತು. ಹೊಸ ಮಾದರಿಯಲ್ಲಿ ಗುಂಪುಗಳೇ ಇಲ್ಲ. 36 ತಂಡಗಳಿಗೆ ಒಂದೇ ಪಟ್ಟಿ. ಪ್ರತಿ ತಂಡಕ್ಕೆ 8 ಬೇರೆ ಬೇರೆ ಎದುರಾಳಿಗಳು, ತವರಿನಲ್ಲಿ ನಾಲ್ಕು ಪಂದ್ಯ, ಹೊರಗೆ ನಾಲ್ಕು. ಮೊದಲ ಎಂಟು ತಂಡಗಳು ನೇರವಾಗಿ 16ರ ಘಟ್ಟಕ್ಕೆ, 9ರಿಂದ 24ರವರೆಗಿನ ತಂಡಗಳು ಆ ಘಟ್ಟದ ಉಳಿದ ಎಂಟು ಜಾಗಗಳಿಗಾಗಿ ನಡೆಯುವ ಪ್ಲೇಆಫ್‌ಗೆ (ಪ್ಯಾರಿಸ್ ಮತ್ತು ಬ್ರೆಸ್ಟ್ ಎದುರಾದದ್ದು ಇಲ್ಲೇ), ಉಳಿದ ಹನ್ನೆರಡು ಮನೆಗೆ. 36 ತಂಡಗಳಲ್ಲಿ ಪ್ರತಿಯೊಂದೂ ಉಳಿದೆಲ್ಲವನ್ನೂ ಒಮ್ಮೆ ಎದುರಿಸಬೇಕಾದರೆ 630 ಪಂದ್ಯಗಳು ಬೇಕು. ನಡೆದದ್ದು 144, ಶೇಕಡ 23ಕ್ಕಿಂತ ಸ್ವಲ್ಪ ಕಡಿಮೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು, ನಿಜ. ಆದರೆ ಪಾತ್ರೆಯೊಳಗಿನ ಬಿಸಿ ಎಲ್ಲ ಕಡೆ ಒಂದೇ ಸಮನಾಗಿರಬೇಕು. ಯುರೋಪಿನ ಕ್ಲಬ್‌ಗಳ ಬಲ ಹಾಗೆ ಸಮನಾಗಿಲ್ಲ.

ಈ ಮಾದರಿಗೆ 'ಸ್ವಿಸ್' ಎಂಬ ಹೆಸರು ಅಂಟಿಕೊಂಡಿದೆ. ಸ್ವಿಸ್ ಪದ್ಧತಿ ಚೆಸ್‌ನಿಂದ ಬಂದದ್ದು. 1895ರಲ್ಲಿ ಜ್ಯೂರಿಕ್‌ನ ಒಂದು ಟೂರ್ನಿಯಲ್ಲಿ ಮೊದಲು ಬಳಕೆಯಾಯಿತು. ನಮ್ಮ ಜಿಲ್ಲಾ ಮಟ್ಟದ ಚೆಸ್ ಸ್ಪರ್ಧೆಗಳಲ್ಲಿ ಆಡಿದ ಮಕ್ಕಳಿಗೂ ಇದು ಚೆನ್ನಾಗಿ ಗೊತ್ತು. ಪ್ರತಿ ಸುತ್ತು ಮುಗಿದ ಮೇಲೆ ಸಮಾನ ಅಂಕದವರನ್ನು ಮುಂದಿನ ಸುತ್ತಿನಲ್ಲಿ ಜೋಡಿ ಮಾಡುತ್ತಾರೆ. ಸುಲಭದ ಎದುರಾಳಿಗಳನ್ನು ಸೋಲಿಸಿ ಮೇಲೇರಿದವರಿಗೆ ಮುಂದಿನ ಸುತ್ತಿನಲ್ಲಿ ಪ್ರಬಲರೇ ಸಿಗುತ್ತಾರೆ. ಪದ್ಧತಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತಾ ಹೋಗುತ್ತದೆ. ಫುಟ್‌ಬಾಲ್‌ನಲ್ಲಿ ಇದು ಆಗದ ಮಾತು. ಕ್ರೀಡಾಂಗಣ, ಪೊಲೀಸ್ ಬಂದೋಬಸ್ತ್, ಟಿಕೆಟ್, ಪ್ರಸಾರ ಎಲ್ಲವೂ ತಿಂಗಳುಗಳ ಮೊದಲೇ ನಿಶ್ಚಯವಾಗಬೇಕು. ಆದ್ದರಿಂದ ಎಂಟೂ ಎದುರಾಳಿಗಳನ್ನು ಆಗಸ್ಟ್‌ನಲ್ಲೇ ಗೊತ್ತುಮಾಡಿಬಿಟ್ಟರು. ಸ್ವಿಸ್ ಪದ್ಧತಿಯ ಹೃದಯವನ್ನೇ ತೆಗೆದಂತಾಯಿತು. ಅದರ ಜಾಗಕ್ಕೆ ಬಂದದ್ದು ಮಡಕೆಗಳ ವ್ಯವಸ್ಥೆ: ಹಿಂದಿನ ಐದು ವರ್ಷಗಳ ಯುರೋಪಿಯನ್ ಸಾಧನೆಯ ಆಧಾರದ ಮೇಲೆ ತಂಡಗಳನ್ನು ಒಂಬತ್ತೊಂಬತ್ತರಂತೆ ನಾಲ್ಕು ಮಡಕೆಗಳಿಗೆ ಹಾಕಿ, ಪ್ರತಿ ತಂಡಕ್ಕೂ ಪ್ರತಿ ಮಡಕೆಯಿಂದ ಇಬ್ಬರು ಎದುರಾಳಿಗಳು.

ಇಲ್ಲೊಂದು ಸುಂದರ ಗಣಿತ ಅಡಗಿದೆ. ತನ್ನದೇ ಮಡಕೆಯ ಇಬ್ಬರಲ್ಲಿ ಒಬ್ಬರನ್ನು ತಂಡ ತವರಿನಲ್ಲಿ ಎದುರಿಸುತ್ತದೆ, ಇನ್ನೊಬ್ಬರನ್ನು ಅವರ ಅಂಗಳದಲ್ಲಿ. ಆತಿಥೇಯರಿಂದ ಅತಿಥಿಯತ್ತ ಒಂದೊಂದು ಬಾಣ ಎಳೆಯುತ್ತಾ ಹೋಗಿ. ಪ್ರತಿ ತಂಡದಿಂದ ಒಂದು ಬಾಣ ಹೊರಡುತ್ತದೆ, ಪ್ರತಿ ತಂಡಕ್ಕೂ ಒಂದು ಬಾಣ ಬಂದು ಸೇರುತ್ತದೆ. ಹೀಗಿದ್ದಾಗ ಬಾಣಗಳು ಉಂಗುರವಾಗಿ ಕೂಡಿಕೊಳ್ಳಲೇಬೇಕು, ಬೇರೆ ದಾರಿಯೇ ಇಲ್ಲ. ಒಂಬತ್ತು ತಂಡಗಳಿಗೆ ನಾಲ್ಕೇ ಸಾಧ್ಯತೆ: ಒಂಬತ್ತರ ಒಂದೇ ಉಂಗುರ, ಆರು ಮತ್ತು ಮೂರರ ಜೋಡಿ, ಐದು ಮತ್ತು ನಾಲ್ಕರ ಜೋಡಿ, ಇಲ್ಲವೇ ಮೂರರ ಮೂರು ಉಂಗುರ. ಆ ವರ್ಷದ ಮೊದಲ ಮಡಕೆಯನ್ನು ನೋಡೋಣ. ರಿಯಲ್ ಮ್ಯಾಡ್ರಿಡ್ ಅಂಗಳಕ್ಕೆ ಡಾರ್ಟ್‌ಮುಂಡ್ ಬಂತು, ಡಾರ್ಟ್‌ಮುಂಡ್‌ಗೆ ಬಾರ್ಸಿಲೋನಾ, ಬಾರ್ಸಿಲೋನಾಕ್ಕೆ ಬಯರ್ನ್, ಬಯರ್ನ್‌ಗೆ ಪ್ಯಾರಿಸ್, ಪ್ಯಾರಿಸ್‌ಗೆ ಮ್ಯಾಂಚೆಸ್ಟರ್ ಸಿಟಿ, ಸಿಟಿಗೆ ಇಂಟರ್, ಇಂಟರ್‌ಗೆ ಲೈಪ್‌ಜಿಗ್, ಲೈಪ್‌ಜಿಗ್‌ಗೆ ಲಿವರ್‌ಪೂಲ್. ಕೊನೆಗೆ ಲಿವರ್‌ಪೂಲ್ ಅಂಗಳಕ್ಕೆ ರಿಯಲ್ ಮ್ಯಾಡ್ರಿಡ್. ಒಂಬತ್ತೂ ತಂಡಗಳು ಒಂದೇ ಉಂಗುರದಲ್ಲಿ! ವೇಳಾಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಕಾಗದದ ಮೇಲೆ ಇದನ್ನು ಬಿಡಿಸಿ ನೋಡುವ ಖುಷಿಯೇ ಬೇರೆ.

ಇದಕ್ಕೆ ಇನ್ನೆರಡು ನಿರ್ಬಂಧಗಳಿದ್ದವು. ಒಂದೇ ದೇಶದ ಕ್ಲಬ್‌ಗಳು ಈ ಹಂತದಲ್ಲಿ ಎದುರಾಗಬಾರದು, ಯಾವುದೇ ಒಂದು ದೇಶದಿಂದ ಇಬ್ಬರಿಗಿಂತ ಹೆಚ್ಚು ಎದುರಾಳಿಗಳು ಬರಬಾರದು. ಕೈಯಿಂದ ಚೀಟಿ ಎತ್ತುತ್ತಾ ಹೋದರೆ ಮೂವತ್ತನೇ ತಂಡದ ಹೊತ್ತಿಗೆ ನಿಯಮ ಮುರಿಯದೆ ಮುಂದೆ ಹೋಗಲಾಗದ ಇಕ್ಕಟ್ಟು ಎದುರಾಗಬಹುದು. ಹಾಗಾಗಿ 2024ರ ಆಗಸ್ಟ್ 29ರಂದು ಮೊನಾಕೊದಲ್ಲಿ ತಂಡದ ಚೆಂಡನ್ನು ಮಾತ್ರ ಕೈಯಿಂದ ಎತ್ತಿದರು. ಎಂಟು ಎದುರಾಳಿಗಳನ್ನು ಆರಿಸಿದ್ದು ಕಂಪ್ಯೂಟರ್. ಪ್ರತಿ ಆಯ್ಕೆಗೂ ಮುನ್ನ ಉಳಿದ ತಂಡಗಳಿಗೆ ದಾರಿ ತೆರೆದಿದೆಯೇ ಎಂದು ಅದು ಪರೀಕ್ಷಿಸಬೇಕಿತ್ತು.

ಚೀಟಿಯ ಗಣಿತ ಅಚ್ಚುಕಟ್ಟಾಗಿದೆ. ಅಳತೆಯ ಗಣಿತ ಅಷ್ಟು ಅಚ್ಚುಕಟ್ಟಲ್ಲ ಎಂಬುದೇ ನನ್ನ ತಕರಾರು.

ಫುಟ್‌ಬಾಲ್‌ನಲ್ಲಿ ಗೋಲು ಅಪರೂಪದ ಘಟನೆ. ಅಪರೂಪದ ಘಟನೆಗಳನ್ನು ಎಣಿಸಿ ಬಲಾಬಲ ತೀರ್ಮಾನಿಸುವಾಗ ಆಕಸ್ಮಿಕದ ಪಾಲು ದೊಡ್ಡದಾಗಿರುತ್ತದೆ. 16ರ ಘಟ್ಟದಲ್ಲಿ ಪ್ಯಾರಿಸ್ ತನ್ನ ತವರಿನಲ್ಲಿ ಲಿವರ್‌ಪೂಲ್ ಗೋಲಿನತ್ತ 27 ಬಾರಿ ಚೆಂಡು ಒದೆಯಿತು, ಲಿವರ್‌ಪೂಲ್ ಒದ್ದದ್ದು 2 ಬಾರಿ. ಗೋಲ್‌ಕೀಪರ್ ಅಲಿಸನ್ ಗೋಡೆಯಂತೆ ನಿಂತರು, 87ನೇ ನಿಮಿಷದಲ್ಲಿ ಹಾರ್ವೆ ಎಲಿಯಟ್ ಗೋಲು ಹೊಡೆದರು, ಲಿವರ್‌ಪೂಲ್ 1-0 ಗೆದ್ದಿತು. ವಾರದ ನಂತರ ಪೆನಾಲ್ಟಿಗಳಲ್ಲಿ ಪ್ಯಾರಿಸ್ ದಾಟಿಕೊಂಡಿತೇನೋ ಸರಿ. ಆದರೆ ಆ ಮೊದಲ ರಾತ್ರಿಯ ಫಲಿತಾಂಶ ಅಂಕಪಟ್ಟಿಗೆ ಸೇರುವಂತಿದ್ದರೆ ಪ್ಯಾರಿಸ್ ಹೆಸರಿನ ಮುಂದೆ ಬರೀ ಒಂದು ಸೊನ್ನೆ ಬೀಳುತ್ತಿತ್ತು. 21 ಅಂಕಗಳೊಂದಿಗೆ ಪಟ್ಟಿಯ ಶಿಖರದಲ್ಲಿದ್ದ ಲಿವರ್‌ಪೂಲ್‌ಗೆ ಸಿಕ್ಕ ಬಹುಮಾನ ಮುಂದೆ ಚಾಂಪಿಯನ್ ಆದ ತಂಡದ ಎದುರು ಆಡುವುದು.

ಆಕಸ್ಮಿಕವನ್ನು ಯಾರೂ ತೆಗೆದುಹಾಕಲಾರರು. ಎದುರಾಳಿ ಯಾರು ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಮಡಕೆಗಳು ಈ ಕೆಲಸವನ್ನು ಅರ್ಧಂಬರ್ಧ ಮಾಡಿದವು, ಏಕೆಂದರೆ ಅವು ಹೇಳುವುದು ಹಳೆಯ ಕಥೆ. ಮೊದಲ ಮಡಕೆಯ ಲೈಪ್‌ಜಿಗ್ ಇಡೀ ಹಂತದಲ್ಲಿ ಗಳಿಸಿದ್ದು 3 ಅಂಕ. ನಾಲ್ಕನೇ ಮಡಕೆಯ ಆಸ್ಟನ್ ವಿಲ್ಲಾ 16 ಅಂಕ ಗಳಿಸಿ ಮೊದಲ ಎಂಟರೊಳಗೆ ನಿಂತಿತು, ಅದೇ ಮಡಕೆಯ ಸ್ಲೋವಾನ್ ಬ್ರಾಟಿಸ್ಲಾವಾಕ್ಕೆ ಒಂದು ಅಂಕವೂ ದಕ್ಕಲಿಲ್ಲ. ಚೀಟಿಯಲ್ಲಿ ವಿಲ್ಲಾ ಬಂದವರಿಗೂ ಸ್ಲೋವಾನ್ ಬಂದವರಿಗೂ ಕಾಗದದ ಮೇಲೆ ಸಿಕ್ಕಿದ್ದು ಒಂದೇ ದರ್ಜೆಯ ಎದುರಾಳಿ.

ಚೆಸ್‌ನವರು ಇದಕ್ಕೆ ಬಹಳ ಹಿಂದೆಯೇ ಮದ್ದು ಕಂಡುಕೊಂಡಿದ್ದಾರೆ. ಇಬ್ಬರ ಅಂಕ ಸಮವಾದರೆ ಅವರವರ ಎದುರಾಳಿಗಳೆಲ್ಲ ಗಳಿಸಿದ ಅಂಕಗಳನ್ನು ಕೂಡುತ್ತಾರೆ. ಯಾರ ಮೊತ್ತ ಹೆಚ್ಚೋ ಅವರು ಮೇಲೆ. ಇದರ ಹೆಸರು ಬುಖೋಲ್ಟ್ಸ್. ಪ್ಯಾರಿಸ್ ಮತ್ತು ಬ್ರೆಸ್ಟ್‌ಗೆ ಈ ಲೆಕ್ಕ ಹಾಕಿದೆ. ಪ್ಯಾರಿಸ್‌ನ ಎಂಟು ಎದುರಾಳಿಗಳ ಒಟ್ಟು ಅಂಕ 93, ಬ್ರೆಸ್ಟ್‌ನ ಎದುರಾಳಿಗಳದ್ದು 84. ಒಂದೇ 13 ಅಂಕ, ಆದರೆ ಪ್ಯಾರಿಸ್ ಅದನ್ನು ಆರ್ಸೆನಲ್, ಅಟ್ಲೆಟಿಕೊ ಮ್ಯಾಡ್ರಿಡ್, ಬಯರ್ನ್‌ಗಳನ್ನು ಹಾದು ಸಂಪಾದಿಸಿತ್ತು.

ಪಟ್ಟಿಯ ಕೆಳಗಿನ ಗಡಿಯಲ್ಲಿ ಈ ಲೆಕ್ಕ ಇನ್ನೂ ಚುರುಕಾಗುತ್ತದೆ. ಜನವರಿ 29ರಂದು, ನಮ್ಮಲ್ಲಿ 30ರ ನಸುಕಿನ ಒಂದೂವರೆಗೆ, ಲೀಗ್ ಹಂತದ ಕೊನೆಯ ಸುತ್ತಿನ ಎಲ್ಲ 18 ಪಂದ್ಯಗಳೂ ಏಕಕಾಲಕ್ಕೆ ಶುರುವಾದವು. ವಿರಾಮದ ವೇಳೆಗೆ ಕ್ಲಬ್ ಬ್ರುಗೆ ಎದುರು ಒಂದು ಗೋಲಿನಿಂದ ಹಿಂದಿದ್ದ ಮ್ಯಾಂಚೆಸ್ಟರ್ ಸಿಟಿ ಟೂರ್ನಿಯಿಂದ ಹೊರಬೀಳುವ ಸ್ಥಿತಿಯಲ್ಲಿತ್ತು. ಕೊನೆಗೆ 3-1 ಗೆದ್ದಿತು. ಎಲ್ಲ ಮುಗಿದಾಗ ನಾಲ್ಕು ತಂಡಗಳು 11 ಅಂಕಗಳಲ್ಲಿ ನಿಂತಿದ್ದವು: ಸಿಟಿ, ಸ್ಪೋರ್ಟಿಂಗ್ ಲಿಸ್ಬನ್, ಬ್ರುಗೆ, ಡೈನಮೊ ಜಾಗ್ರೆಬ್. ಉಳಿದಿದ್ದದ್ದು ಮೂರೇ ಜಾಗ. ಅಂಕ ಸಮವಾದಾಗ ಮೊದಲು ನೋಡುವುದು ಗೋಲು ವ್ಯತ್ಯಾಸವನ್ನು, ಅಂದರೆ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದು ಬರುವ ಅಂಕಿಯನ್ನು: ಸಿಟಿ +4, ಸ್ಪೋರ್ಟಿಂಗ್ +1, ಬ್ರುಗೆ -4, ಡೈನಮೊ -7. ಎಸಿ ಮಿಲಾನ್ ತಂಡವನ್ನು (ಇಂಟರ್ ಅಲ್ಲ, ಅದೇ ಊರಿನ ಇನ್ನೊಂದು ಕ್ಲಬ್) ಅದೇ ರಾತ್ರಿ 2-1ರಿಂದ ಸೋಲಿಸಿದ್ದ ಡೈನಮೊ 25ನೆಯದಾಗಿ ಹೊರಬಿತ್ತು. ಅದರ ಕಥೆ ಮುಗಿದಿದ್ದು ನಿಜವಾಗಿ ಸೆಪ್ಟೆಂಬರ್ 17ರಂದೇ, ಬಯರ್ನ್ ಎದುರು 9-2ರಿಂದ ಸೋತ ದಿನ. ಅಂದು ಒಂಬತ್ತರ ಬದಲು ಆರು ಗೋಲು ಬಿಟ್ಟುಕೊಟ್ಟಿದ್ದರೆ ವ್ಯತ್ಯಾಸ ಬ್ರುಗೆಯಷ್ಟೇ ಆಗಿ, ಹೊಡೆದ ಗೋಲುಗಳ ಲೆಕ್ಕದಲ್ಲಿ ಡೈನಮೊ ಮುಂದೆ ಹೋಗುತ್ತಿತ್ತು.

ಈಗ ಎದುರಾಳಿಗಳ ಅಂಕ ಕೂಡೋಣ. ಬ್ರುಗೆ 98, ಡೈನಮೊ 92, ಸ್ಪೋರ್ಟಿಂಗ್ 86, ಸಿಟಿ 83. ಕ್ರಮ ಬಹುತೇಕ ತಲೆಕೆಳಗಾಯಿತು. ಈ ಅಳತೆಯಲ್ಲಿ ಹೊರಗೆ ಹೋಗಬೇಕಾದದ್ದು ಮ್ಯಾಂಚೆಸ್ಟರ್ ಸಿಟಿ. ಅದರ +4ರ ಹಿಂದೆ ಇರುವುದು ಸ್ಲೋವಾನ್ ವಿರುದ್ಧ 4-0, ಸ್ಪಾರ್ಟಾ ಪ್ರಾಗ್ ವಿರುದ್ಧ 5-0. ಆ ಎರಡು ತಂಡಗಳು ಸೇರಿ ಇಡೀ ಹಂತದಲ್ಲಿ ಗಳಿಸಿದ್ದು 4 ಅಂಕ.

ಜಾಣ ಓದುಗರು ಒಂದು ಆಕ್ಷೇಪ ಎತ್ತಬಹುದು: ಸೋತ ತಂಡ ಎದುರಾಳಿಗೆ ಅಂಕ ದಾನ ಮಾಡಿ ತನ್ನ ಬುಖೋಲ್ಟ್ಸನ್ನು ತಾನೇ ಹಿಗ್ಗಿಸಿಕೊಳ್ಳುವುದಿಲ್ಲವೇ? ಹೌದು, ಸಾಮಾನ್ಯವಾಗಿ ಆ ಅಪಾಯ ಇದೆ. ಆದರೆ ಈ ನಾಲ್ಕೂ ತಂಡಗಳ ದಾಖಲೆ ಮೂರು ಗೆಲುವು, ಎರಡು ಡ್ರಾ, ಮೂರು ಸೋಲು. ನಾಲ್ಕೂ ತಮ್ಮ ಎದುರಾಳಿಗಳಿಗೆ ಕೊಟ್ಟದ್ದು ತಲಾ 11 ಅಂಕ. ಹೋಲಿಕೆ ಇಷ್ಟು ಶುದ್ಧವಾಗಿ ಒದಗುವುದು ಅಪರೂಪ.

11 ಅಂಕಕ್ಕೂ ಜಾಗ ಸಿಗದಷ್ಟು ಗಡಿ ಮೇಲೇರಿದ್ದು ಹೇಗೆ ಎಂಬುದಕ್ಕೂ ಸರಳ ಅಂಕಗಣಿತವಿದೆ. ಗೆಲುವಿನ ಪಂದ್ಯ 3 ಅಂಕ ಹಂಚುತ್ತದೆ, ಡ್ರಾ 2. 144 ಪಂದ್ಯಗಳಲ್ಲಿ ಡ್ರಾ ಆದದ್ದು ಬರೀ 18, ಎಂಟರಲ್ಲಿ ಒಂದು. ದೇಶೀಯ ಲೀಗ್‌ಗಳಲ್ಲಿ ಸಾಮಾನ್ಯವಾಗಿ ಕಾಲು ಭಾಗದಷ್ಟು ಪಂದ್ಯಗಳು ಡ್ರಾ ಆಗುತ್ತವೆ. ಒಟ್ಟು 414 ಅಂಕ ಹಂಚಿಕೆಯಾಗಿ ಸರಾಸರಿ 11.5ಕ್ಕೆ ಏರಿತು. ತಳದ ಸ್ಲೋವಾನ್ ಮತ್ತು ಯಂಗ್ ಬಾಯ್ಸ್ ಎರಡೂ ಸೊನ್ನೆಯಲ್ಲೇ ಉಳಿದದ್ದರಿಂದ ಅವುಗಳ ಪಾಲಿನ ಅಂಕಗಳೆಲ್ಲ ಮೇಲಿನವರಿಗೆ ಹರಿದವು.

ಯುರೋಪಿನ ಫುಟ್‌ಬಾಲ್ ಒಕ್ಕೂಟದ ನಿಯಮಾವಳಿಯಲ್ಲಿ ಎದುರಾಳಿಗಳ ಅಂಕದ ಲೆಕ್ಕ ಇಲ್ಲದೇ ಇಲ್ಲ. ಗೋಲು ವ್ಯತ್ಯಾಸ, ಹೊಡೆದ ಗೋಲು, ಹೊರಗೆ ಹೊಡೆದ ಗೋಲು, ಗೆಲುವು, ಹೊರಗಿನ ಗೆಲುವು ಎಲ್ಲವೂ ಸಮವಾದ ಮೇಲೆ ಆರನೆಯದಾಗಿ ಅದು ಬರುತ್ತದೆ. ಅಲ್ಲಿಯವರೆಗೆ ಹೋಗುವ ಪ್ರಸಂಗವೇ ವಿರಳ. ಇತ್ತ 2025-26ರಿಂದ ಒಕ್ಕೂಟ ಪಟ್ಟಿಯ ಸ್ಥಾನಕ್ಕೆ ಇನ್ನಷ್ಟು ತೂಕ ಕೊಟ್ಟಿದೆ: ಮೇಲಿನ ಸ್ಥಾನದ ತಂಡಗಳು ಕ್ವಾರ್ಟರ್ ಫೈನಲ್ ಮತ್ತು ಸೆಮಿಫೈನಲ್‌ನ ಎರಡನೇ ಪಂದ್ಯವನ್ನು ತವರಿನಲ್ಲಿ ಆಡುತ್ತವೆ. ಸ್ಥಾನದ ಬೆಲೆ ಹೀಗೆ ಏರುತ್ತಿರುವಾಗ, ದುರ್ಬಲರ ಮೇಲೆ ಹೊಡೆದ ಐದನೇ ಗೋಲು ಅದನ್ನು ನಿರ್ಧರಿಸಬಾರದು. ಎದುರಾಳಿಗಳ ಅಂಕದ ಲೆಕ್ಕ ಆರನೆಯ ಸಾಲಿನಿಂದ ಮೊದಲ ಸಾಲಿಗೆ ಬರಬೇಕು. ಅದಕ್ಕೆ ಹೆಚ್ಚುವರಿ ಪಂದ್ಯ ಬೇಡ, ಹೆಚ್ಚುವರಿ ದಿನವೂ ಬೇಡ; ಬೇಕಾದ ಅಂಕಿಗಳೆಲ್ಲ ಪಟ್ಟಿಯಲ್ಲೇ ಇವೆ.