ಲೈಸೆನ್ಸ್ ದುಡ್ಡಿಗೆ ಬೀಗ ಇದೆ, ಕುರ್ಚಿಗೆ ಇಲ್ಲ

"ದುಡ್ಡು ಕೊಡೋರು ನಾವು, ಕುರ್ಚಿ ಮಾತ್ರ ಬೇರೆಯವರಿಗಾ?" ನನ್ನ ಆಫೀಸಿಗೆ ಬರುವ ಬೇಟೆಗಾರರ ಸಂಘದವರು ಮಾತು ಶುರು ಮಾಡುವುದೇ ಹೀಗೆ. ದುಡ್ಡು ಅಂದರೆ ಬೇಟೆ ಲೈಸೆನ್ಸಿನ ಶುಲ್ಕ, ಬಂದೂಕು-ಗುಂಡಿನ ಮೇಲಿನ ತೆರಿಗೆ. ಕುರ್ಚಿ ಅಂದರೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೀನು ಮತ್ತು ವನ್ಯಜೀವಿ ಆಯೋಗದ ಸದಸ್ಯ ಸ್ಥಾನ. ನಾನು ಈ ರಾಜ್ಯದ ರಾಜಧಾನಿ ಒಲಿಂಪಿಯಾದಲ್ಲಿ ಆಡಳಿತ ಕಾನೂನಿನ ವಕೀಲ. ಸರ್ಕಾರಿ ಮಂಡಳಿಗಳು, ಅವುಗಳ ನಿಯಮ, ನೇಮಕ, ಇವೇ ನನ್ನ ಹೊಟ್ಟೆಪಾಡು. ಈ ಒಂದು ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಗಂಟಲು ಒಣಗಿದೆ. ಒಂದ್ಸಲ ಕನ್ನಡದಲ್ಲಾದರೂ ಪೂರ್ತಿ ಬರೆದುಬಿಡೋಣ ಅನಿಸಿತು. ಅವರ್ಯಾರೂ ಇದನ್ನು ಓದಲ್ಲ ಅನ್ನುವುದೂ ಒಂದು ಸಮಾಧಾನವೇ.

ಊರಿಂದ ಬಂದ ನೆಂಟರಿಗೆ ಈ ಜಗಳವೇ ವಿಚಿತ್ರ. "ಬೇಟೆ ಆಡಿದ್ರೆ ಜೈಲು ಅಲ್ವಾ?" ಅನ್ನುತ್ತಾರೆ. ಅಲ್ಲಿ ಹೌದು. 1972ರ ವನ್ಯಜೀವಿ ಕಾಯ್ದೆಯಿಂದಾಗಿ ಭಾರತದಲ್ಲಿ ಬೇಟೆಗೆ ನಿಷೇಧ ಇದೆ. ಅದೇ ಕಾಯ್ದೆಯಡಿ ಕರ್ನಾಟಕದಲ್ಲೂ ರಾಜ್ಯ ವನ್ಯಜೀವಿ ಮಂಡಳಿ ಇದೆ. ಮುಖ್ಯಮಂತ್ರಿಯೇ ಅಧ್ಯಕ್ಷರು. ಅದರಲ್ಲಿ ಶಾಸಕರಿದ್ದಾರೆ, ಸ್ವಯಂಸೇವಾ ಸಂಸ್ಥೆಯವರಿದ್ದಾರೆ, ಪರಿಸರ ತಜ್ಞರಿದ್ದಾರೆ. ಬೇಟೆಗಾರನಿಗೆ ಅಲ್ಲಿ ಜಾಗ ಇರುವ ಪ್ರಶ್ನೆಯೇ ಇಲ್ಲ. ಆ ಮಂಡಳಿ ಸರ್ಕಾರಕ್ಕೆ ಸಲಹೆ ಕೊಡುತ್ತದೆ. ಇಲ್ಲಿನ ಆಯೋಗ ಹಾಗಲ್ಲ. ಯಾವ ತಿಂಗಳು ಯಾವ ಪ್ರಾಣಿ, ಎಷ್ಟು ಹೊಡೆಯಬಹುದು ಅಂತ ನಿಯಮ ಮಾಡುವುದೇ ಅದು. 1995ರ ಜನಮತದ ನಂತರ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ನಿರ್ದೇಶಕರನ್ನು ನೇಮಿಸುವ ಅಧಿಕಾರವೂ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಕೈ ತಪ್ಪಿ ಆಯೋಗಕ್ಕೆ ಬಂದಿದೆ. ಆಯೋಗದಲ್ಲಿ ಇರುವುದು ಗವರ್ನರ್ ನೇಮಿಸುವ ಒಂಬತ್ತು ಜನ. ಅಲ್ಲಿ ಒಂದು ಕುರ್ಚಿ ಅಂದರೆ ಸಣ್ಣ ವಿಷಯ ಅಲ್ಲ.

ಬೇಟೆಗಾರರ ಸಿಟ್ಟಿಗೆ ಕಾರಣ ಇದೆ, ಅದನ್ನು ನಾನು ಅಲ್ಲಗಳೆಯಲ್ಲ. 2021ರ ನವೆಂಬರ್‌ನಲ್ಲಿ ವಸಂತ ಕಾಲದ ಕರಡಿ ಬೇಟೆಯ ವಿಷಯ ಮತಕ್ಕೆ ಬಂತು. ಒಂದು ಸ್ಥಾನ ಖಾಲಿ ಇತ್ತು. ನಾಲ್ಕಕ್ಕೆ ನಾಲ್ಕು ಸಮ ಆಗಿ ಪ್ರಸ್ತಾವ ಬಿತ್ತು. 2022ರ ಜನವರಿಯಲ್ಲಿ ಆಗಿನ ಗವರ್ನರ್ ಜೇ ಇನ್‌ಸ್ಲೀ ಮೂವರು ಹೊಸಬರನ್ನು ನೇಮಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಐದಕ್ಕೆ ನಾಲ್ಕು ಮತದಿಂದ ಮನರಂಜನೆಗಾಗಿ ನಡೆಯುವ ವಸಂತದ ಕರಡಿ ಬೇಟೆಯೇ ನಿಂತಿತು. ಆಗಸ್ಟ್‌ನಿಂದ ಶುರುವಾಗುವ ಬೇಟೆ ಈಗಲೂ ಇದೆ. ಆದರೆ ಒಂದೇ ಒಂದು ಮತದ ಅಂತರದಲ್ಲಿ ತಲೆಮಾರಿನ ಅಭ್ಯಾಸ ನಿಂತುಹೋದರೆ ಯಾರಿಗೂ ಉರಿಯುತ್ತದೆ. ಕರಡಿ ಪರ ಇರುವವರಿಗೂ ಅವರದೇ ವಾದ ಇದೆ. ಮರಿ ಜೊತೆಗಿರುವ ತಾಯಿ ಕರಡಿ ಗುಂಡಿಗೆ ಬಿದ್ದರೆ ಮರಿಗಳ ಗತಿ ಏನು ಅಂತ ಅವರು ಕೇಳುತ್ತಾರೆ. ಆ ಚರ್ಚೆಗೆ ನಾನು ಇಲ್ಲಿ ಇಳಿಯಲ್ಲ. ನನ್ನ ತಲೆನೋವು ಬೇರೆ.

ನನ್ನ ತಲೆನೋವು ಆ ದುಡ್ಡಿನ ವಾದ.

ಅದರ ಬೇರು 1937ರಲ್ಲಿದೆ. ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಅಂತ ಒಂದು ಕೇಂದ್ರ ಕಾನೂನು. ಅದರ ಪ್ರಕಾರ ರೈಫಲ್, ಶಾಟ್‌ಗನ್, ಗುಂಡುಗಳ ಮೇಲೆ 11 ಶೇಕಡ ಅಬಕಾರಿ ತೆರಿಗೆ ಬರುತ್ತದೆ. ಪಿಸ್ತೂಲಿಗೆ 10. ಆಮೇಲೆ ಬಿಲ್ಲು-ಬಾಣವೂ ಸೇರಿಕೊಂಡಿತು. ಈ ತೆರಿಗೆ ಕಟ್ಟುವವರು ತಯಾರಕರು ಮತ್ತು ಆಮದುದಾರರು, ಹೊರೆ ಮಾತ್ರ ಗ್ರಾಹಕನ ಜೇಬಿಗೇ ಬರುತ್ತದೆ. ಹೀಗೆ ಬಂದ ಹಣ ವನ್ಯಜೀವಿ ಕೆಲಸಕ್ಕೆ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಹಂಚಿಕೆಯ ಮುಖ್ಯ ಭಾಗ ಅರ್ಧ ರಾಜ್ಯದ ವಿಸ್ತೀರ್ಣ ನೋಡಿ, ಇನ್ನರ್ಧ ಬೇಟೆ ಲೈಸೆನ್ಸ್ ಕೊಂಡವರ ಸಂಖ್ಯೆ ನೋಡಿ. ಇದಕ್ಕೆ ಒಂದು ಷರತ್ತಿದೆ. ಬೇಟೆ ಲೈಸೆನ್ಸಿನ ದುಡ್ಡನ್ನು ರಾಜ್ಯ ಸರ್ಕಾರ ವನ್ಯಜೀವಿ ಇಲಾಖೆ ಬಿಟ್ಟು ಬೇರೆ ಕಡೆ ಖರ್ಚು ಮಾಡುವ ಹಾಗಿಲ್ಲ. ರಸ್ತೆಗೂ ಇಲ್ಲ, ಶಾಲೆಗೂ ಇಲ್ಲ. ಮಾಡಿದರೆ ಕೇಂದ್ರದಿಂದ ಬರುವ ಪಾಲಿಗೇ ಸಂಚಕಾರ.

ಇದೊಂದು ಗಟ್ಟಿ ಬೀಗ. ಬೇಟೆಗಾರರು ಹೆಮ್ಮೆ ಪಡಬೇಕಾದ ಬೀಗ. ಆದರೆ ಅದು ಇರುವುದು ಹಣದ ಪೆಟ್ಟಿಗೆಗೆ. ಪೆಟ್ಟಿಗೆಯ ಪಕ್ಕ ಯಾರು ಕೂರಬೇಕು ಅಂತ ಆ ಕಾಯ್ದೆ ಹೇಳುವುದೇ ಇಲ್ಲ. ಇನ್ನೊಂದ್ಸಲ ಹೇಳುತ್ತೇನೆ, ಯಾಕಂದ್ರೆ ಎಲ್ಲರೂ ಎಡವುವುದು ಇಲ್ಲೇ. ನಾಳೆ ಗವರ್ನರ್ ಒಂಬತ್ತೂ ಸ್ಥಾನಕ್ಕೆ ಜೀವಮಾನದಲ್ಲಿ ಬಂದೂಕು ಮುಟ್ಟದವರನ್ನು ತಂದು ಕೂರಿಸಿದರು ಅಂತಿಟ್ಟುಕೊಳ್ಳಿ. ಲೈಸೆನ್ಸ್ ದುಡ್ಡು ಇಲಾಖೆಯೊಳಗೇ ಇದ್ದರೆ, ಈ ಕೇಂದ್ರ ಷರತ್ತು ಮುರಿದ ಹಾಗಲ್ಲ. ರಾಜ್ಯದ ಕಾನೂನಿನ ಪ್ರಕಾರ ಅದು ಸರಿಯಾ ಅನ್ನುವುದು ಬೇರೆ ಪ್ರಶ್ನೆ. ಎರಡನ್ನೂ ಕಲಸಬೇಡಿ ಅಂತ ಕೈ ಮುಗಿದು ಕೇಳಿಕೊಂಡಿದ್ದೇನೆ. ಆದರೂ ಮುಂದಿನ ಅರ್ಜಿಯ ಮೊದಲ ಪ್ಯಾರಾದಲ್ಲಿ ಮತ್ತೆ 1937!

ಇನ್ನೂ ಒಂದು ಅಪಾಯ ಇದೆ, ಅದು ಅವರಿಗೆ ಹೊಳೆಯುವುದಿಲ್ಲ. ದುಡ್ಡು ಕೊಟ್ಟವನಿಗೆ ಕುರ್ಚಿ ಅನ್ನುವುದೇ ನ್ಯಾಯವಾದರೆ, ಬೆಲ್‌ವ್ಯೂ ನಗರದಲ್ಲಿ ಮನೆ ರಕ್ಷಣೆಗೆ ಅಂತ ಪಿಸ್ತೂಲು ಕೊಂಡವನಿಗೂ ಕುರ್ಚಿ ಕೊಡಬೇಕು. ಅವನು ಕಾಡಿಗೆ ಕಾಲಿಟ್ಟಿಲ್ಲ, ತೆರಿಗೆ ಮಾತ್ರ ಅವನ ಬಿಲ್ಲಿನಲ್ಲೂ ಇದೆ. ವಾರಾಂತ್ಯಕ್ಕೆ ಚಾರಣ ಹೋಗುವ ನಮ್ಮ ಐಟಿ ಹುಡುಗರೂ ಡಿಸ್ಕವರ್ ಪಾಸ್ (ರಾಜ್ಯದ ಉದ್ಯಾನ, ಕಾಡುಗಳಿಗೆ ಗಾಡಿ ಒಯ್ಯಲು ಬೇಕಾದ ಪಾಸ್) ಕೊಳ್ಳುತ್ತಾರೆ. ಅದರ ಆದಾಯದಲ್ಲಿ ಹೆಚ್ಚಿನದು ರಾಜ್ಯ ಉದ್ಯಾನಗಳಿಗೆ ಹೋದರೂ ಒಂದು ಪಾಲು ಈ ಇಲಾಖೆಗೆ ಬರುತ್ತದೆ. ರಾಜ್ಯದ ಸಾಮಾನ್ಯ ಖಜಾನೆಯಿಂದಲೂ ಇಲಾಖೆಗೆ ಹಣ ಬರುತ್ತದೆ, ಅಂದರೆ ಅಂಗಡಿಯಲ್ಲಿ ಸೇಲ್ಸ್ ಟ್ಯಾಕ್ಸ್ ಕಟ್ಟುವ ಪ್ರತಿಯೊಬ್ಬರಿಂದ. ಹಣದ ಲೆಕ್ಕ ತೆಗೆದರೆ ಸಾಲಿನಲ್ಲಿ ಎಲ್ಲರೂ ನಿಲ್ಲುತ್ತಾರೆ. ತಮ್ಮ ವಾದದಿಂದಲೇ ಎದುರು ಪಾರ್ಟಿಗೆ ಬಾಗಿಲು ತೆಗೆದುಕೊಡುತ್ತಿದ್ದೇವೆ ಅಂತ ಗೊತ್ತಾದಾಗ ಅವರ ಮುಖ ನೋಡಬೇಕು.

ಹಾಗಾದರೆ ಬೇಟೆಗಾರರಿಗೆ ಹಕ್ಕೇ ಇಲ್ಲವಾ? ಇದೆ. ಅದು ಕೇಂದ್ರದ ಕಾಯ್ದೆಯಲ್ಲಿಲ್ಲ, ರಾಜ್ಯದ ಕಾಯ್ದೆಯಲ್ಲಿದೆ. ನೇಮಕ ಮಾಡುವಾಗ ಗವರ್ನರ್ ಸಮತೋಲನ ಕಾಪಾಡಲು ಪ್ರಯತ್ನಿಸಬೇಕು ಅಂತ ಅಲ್ಲಿದೆ. ಹವ್ಯಾಸಿ ಮೀನುಗಾರರು, ವ್ಯಾಪಾರದ ಮೀನುಗಾರರು, ಬೇಟೆಗಾರರು, ಖಾಸಗಿ ಜಮೀನಿನವರು, ಪರಿಸರವಾದಿಗಳು, ಇವರ ಸಂಘಟನೆಗಳು ಶಿಫಾರಸು ಮಾಡಿದವರಿಗೆ ಪ್ರಾತಿನಿಧ್ಯ ಇರಬೇಕು ಅಂತಲೂ ಇದೆ. ಗವರ್ನರ್ ಪ್ರಯತ್ನ ಮಾಡಬೇಕು ಅಷ್ಟೇ, ಇಂತಿಷ್ಟು ಕುರ್ಚಿ ಅಂತ ಗ್ಯಾರಂಟಿ ಇಲ್ಲ. ಕೋರ್ಟಿಗೆ ಹೋದರೆ ಈ ಸಾಲಿನ ಬಲ ಎಷ್ಟು ಅನ್ನುವುದು ಸಂದರ್ಭದ ಮೇಲೆ ಹೋಗುತ್ತದೆ, ಇಲ್ಲಿ ಬರೆದು ಕೊಡಲಾರೆ. ಆದರೆ ಶಿಫಾರಸು ಮಾಡುವ ದಾರಿ ತೆರೆದೇ ಇದೆ. ಅಂದರೆ ಹೆಸರು ಕೊಡಬೇಕು. ಪ್ರತಿಭಟನಾ ಪತ್ರ ರಾಶಿ ರಾಶಿ ಬರೆಯುತ್ತಾರೆ. ಹೆಸರು ಕಳಿಸಿದ್ದೀರಾ ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಹೆಸರು ಹುಡುಕುವುದೂ ಸುಲಭ ಅಲ್ಲ ಅನ್ನಿ. ಆಯೋಗದಲ್ಲಿ ಕ್ಯಾಸ್ಕೇಡ್ ಪರ್ವತದ ಪೂರ್ವಕ್ಕೆ ಮೂವರು, ಪಶ್ಚಿಮಕ್ಕೆ ಮೂವರು, ಉಳಿದ ಮೂವರು ಎಲ್ಲಿಯವರಾದರೂ ಸರಿ. ಆದರೆ ಒಂದೇ ಕೌಂಟಿಯಿಂದ (ನಮ್ಮ ಜಿಲ್ಲೆ ಇದ್ದ ಹಾಗೆ) ಇಬ್ಬರು ಇರುವಂತಿಲ್ಲ. "ಸಿಯಾಟಲ್‌ನವರೇ ಆಯೋಗ ನುಂಗಿಬಿಟ್ಟರು" ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಎಲ್ಲಾ ಸೇರಿದ ಕಿಂಗ್ ಕೌಂಟಿ ರಾಜ್ಯದಲ್ಲೇ ಅತಿ ಹೆಚ್ಚು ಜನ ಇರುವ ಕೌಂಟಿ. ಅದಕ್ಕೂ ಒಂದೇ ಕುರ್ಚಿ. ಇದಲ್ಲದೆ ಸದಸ್ಯರಾಗುವವರು ರಾಜ್ಯದ, ಕೌಂಟಿಯ, ನಗರದ ಬೇರೆ ಯಾವ ಚುನಾಯಿತ ಅಥವಾ ನೇಮಕದ ಹುದ್ದೆಯಲ್ಲೂ ಇರಬಾರದು.

ಈ ಕೊನೆಯ ನಿಯಮ ಹಳ್ಳಿ ಕಡೆಯವರಿಗೆ ಜಾಸ್ತಿ ಹೊಡೆತ ಕೊಡುತ್ತದೆ. ಒಕನಾಗನ್ ಕಡೆಯಿಂದ ಒಬ್ಬ ಹಿರಿಯರು ಬರುತ್ತಿದ್ದರು. ಸೇಬಿನ ತೋಟ, ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆ, ದೊಡ್ಡ ಧ್ವನಿ. ಮೊದಲ ಸಲ ಬಂದಾಗ ಒಣಗಿಸಿದ ಎಲ್ಕ್ ಮಾಂಸ ತಂದುಕೊಟ್ಟರು. ನಾನು ಸಸ್ಯಾಹಾರಿ ಅಂದಾಗ ನನಗೇನೋ ಕಾಯಿಲೆ ಇದೆ ಅನ್ನುವ ಹಾಗೆ ಮರುಕಪಟ್ಟರು. ಮುಂದಿನ ಸಲದಿಂದ ಹಕಲ್‌ಬೆರಿ ಜಾಮ್. ಇಷ್ಟು ಅಕ್ಕರೆಯ ಜನ, ಇವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ. ಅವರ ಸಂಘ ಕೊನೆಗೂ ಒಂದು ಹೆಸರು ಆರಿಸಿತು. ಒಳ್ಳೆಯ ಹೆಸರೇ. ಜಿಂಕೆ ಎಲ್ಲಿ ಇಳಿಯುತ್ತದೆ, ಯಾವ ಹಿಮಕ್ಕೆ ಎಷ್ಟು ಸಾಯುತ್ತದೆ, ಎಲ್ಲಾ ಗೊತ್ತಿದ್ದ ಮನುಷ್ಯ. ಅರ್ಜಿ ತುಂಬುವಾಗ ನೋಡಿದರೆ ಆತ ಕೌಂಟಿಯ ಕಳೆ ನಿಯಂತ್ರಣ ಮಂಡಳಿಯಲ್ಲಿ ನೇಮಕಗೊಂಡ ಸದಸ್ಯ! ಅದನ್ನು ಬಿಟ್ಟು ಬನ್ನಿ ಅಂದೆ. "ಹಾಗಾದ್ರೆ ಕಳೆ ಯಾರು ನೋಡ್ಕೋತಾರೆ?" ಅಂದರು. ಸಣ್ಣ ಊರಲ್ಲಿ ಕೆಲಸಕ್ಕೆ ಬರುವ ಮನುಷ್ಯ ಒಂದಲ್ಲ ಒಂದು ಸಮಿತಿಯಲ್ಲಿ ಇದ್ದೇ ಇರುತ್ತಾನೆ. ಮೊದಲೇ ನೋಡಿಕೊಂಡರೆ ಈ ಪಾಡಿಲ್ಲ.

ಇನ್ನು ಸೆನೆಟ್, ಅಂದರೆ ರಾಜ್ಯ ಶಾಸಕಾಂಗದ ಮೇಲ್ಮನೆಯ ವಿಷಯ. ಗವರ್ನರ್ ನೇಮಿಸಿದವರಿಗೆ ಸೆನೆಟ್ ಒಪ್ಪಿಗೆ ಬೇಕು, ನಿಜ. ಆದರೆ ಒಪ್ಪಿಗೆ ಬರುವವರೆಗೆ ಕಾಯುತ್ತಾ ಕೂರಬೇಕಿಲ್ಲ. ಸೆನೆಟ್ ಮತ ಹಾಕಿ ತಿರಸ್ಕರಿಸುವವರೆಗೆ ಅವರು ಕೆಲಸ ಮಾಡಬಹುದು. ಸೆನೆಟ್ ಸುಮ್ನೆ ಕೂತರೆ ಅವರು ಮುಂದುವರಿಯುತ್ತಾರೆ. "ಇನ್ನೂ ಒಪ್ಪಿಗೆ ಆಗಿಲ್ಲ, ಅವರು ಹಾಕಿದ ಮತ ಅಸಿಂಧು" ಅಂತ ವಾದಿಸಲು ಬರುವವರಿಗೆ ಒಂದು ಗ್ಲಾಸ್ ನೀರು ಕೊಟ್ಟು ಇದನ್ನು ಓದಿಸುತ್ತೇನೆ. ಹಾಗಂತ ಒಪ್ಪಿಗೆಗೆ ಬೆಲೆ ಇಲ್ಲ ಅಂತಲೂ ಅಲ್ಲ. ಇನ್‌ಸ್ಲೀ ಅಧಿಕಾರ ಬಿಡುವ ಹೊತ್ತಿನಲ್ಲಿ ಮಾಡಿದ ಎರಡು ನೇಮಕಗಳನ್ನು ಹೊಸ ಗವರ್ನರ್ ಬಾಬ್ ಫರ್ಗುಸನ್ 2025ರಲ್ಲಿ ವಾಪಸ್ ತೆಗೆದುಕೊಂಡರು. ಸೆನೆಟ್ ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ, ಅದಕ್ಕೇ ಸಾಧ್ಯವಾಯಿತು.

ಕೊಲೊರಾಡೋ ರಾಜ್ಯದ ಥರ ಮಾಡಿದರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಅಲ್ಲಿನ ಆಯೋಗದಲ್ಲಿ ಮತ ಹಾಕುವ 11 ಸದಸ್ಯರು. ಬೇಟೆ-ಮೀನುಗಾರಿಕೆಯವರಿಗೆ ಮೂರು, ರೈತರಿಗೆ ಮೂರು, ಹೊರಾಂಗಣ ಮನರಂಜನೆಗೆ ಮೂರು, ಉಳಿದೆರಡು ಸಾಮಾನ್ಯ ಅಂತ ಕಾನೂನಿನಲ್ಲೇ ಹಂಚಿಟ್ಟಿದ್ದಾರೆ. ಜಗಳ ನಿಂತಿತಾ? ಇಲ್ಲ. 2024ರಲ್ಲಿ ಬೇಟೆಗಾರರ ಸ್ಥಾನಕ್ಕೆ ಬಂದವರೊಬ್ಬರನ್ನು ಬೇಟೆಗಾರರೇ ವಿರೋಧಿಸಿದರು. ತೋಳಗಳನ್ನು ಆ ರಾಜ್ಯದ ಕಾಡಿಗೆ ಮತ್ತೆ ತರುವುದಕ್ಕೆ ಅವರ ಬೆಂಬಲ ಇತ್ತು ಅನ್ನುವುದು ಮುಖ್ಯ ತಕರಾರು. ಸೆನೆಟ್ ಪೂರ್ತಿ ಮತ ಹಾಕುವ ಮೊದಲೇ ಅವರು ಹಿಂದೆ ಸರಿದರು. ಕುರ್ಚಿಗೆ ಹೆಸರು ಅಂಟಿಸಿದ ಮೇಲೂ ಅದರಲ್ಲಿ ಕೂತವನು ನಮ್ಮವನಾ ಅನ್ನುವ ಪ್ರಶ್ನೆ ಉಳಿಯಿತು.

ಹಾಗಾಗಿ ನನ್ನ ಕಕ್ಷಿದಾರರಿಗೆ ನಾನು ಹೇಳುವುದು ಕ್ಯಾಲೆಂಡರ್ ನೋಡಿ ಅಂತ. ಸದಸ್ಯರ ಆರು ವರ್ಷದ ಅವಧಿ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಶಾಸಕಾಂಗ ಜನವರಿಯ ಎರಡನೇ ಸೋಮವಾರ ಸೇರುತ್ತದೆ. ಹೆಸರು ಹೋಗಬೇಕಾದದ್ದು ಅದಕ್ಕೂ ಮೊದಲು, ಬೇಸಿಗೆಯಲ್ಲೇ. ಬೇಸಿಗೆಯಲ್ಲಿ ಅವರು ಮೀನು ಹಿಡಿಯುತ್ತಿರುತ್ತಾರೆ. ಶರತ್ಕಾಲದಲ್ಲಿ ಎಲ್ಕ್ ಹಿಂದೆ. ನನ್ನ ನೆನಪಾಗುವುದು ಫೆಬ್ರವರಿಯಲ್ಲಿ, ನೇಮಕ ಆಗಿಹೋದ ಮೇಲೆ.

ಈ ವರ್ಷ ಒಂದು ಸಂಘ ಮಾತ್ರ ಜುಲೈನಲ್ಲೇ ಪಟ್ಟಿ ಕಳಿಸಿದೆ. ಪತ್ರದಲ್ಲಿ 1937ರ ಸುದ್ದಿಯೇ ಇಲ್ಲ, ಖುಷಿಯಾಯಿತು. ಇಬ್ಬರ ಹೆಸರಿದೆ. ಯಾರಿಗೂ ಬೇರೆ ಹುದ್ದೆ ಇಲ್ಲ, ಕಳೆ ಮಂಡಳಿಯೂ ಇಲ್ಲ. ಆದರೆ ಇಬ್ಬರೂ ಒಂದೇ ಕೌಂಟಿಯವರು, ಆ ಕೌಂಟಿಯ ಒಬ್ಬರು ಆಯೋಗದಲ್ಲಿ ಈಗಾಗಲೇ ಇದ್ದಾರೆ, ಅವರ ಅವಧಿ ಇನ್ನೂ ಬಾಕಿ ಇದೆ. ಸೋಮವಾರ ಫೋನ್ ಮಾಡಬೇಕು.